ಕಂಪನಿಯ ಮೇಲೆ ಫಿರ್ಯಾದು ಮಾಡುವದು ವಿಶ್ವಾಸಿಗೆ ತಕ್ಕದ್ದೋ?

ಓದತಕ್ಕ ಭಾಗಗಳು: ೧ ಕೊರಿಂಥ ೬:೧-೮, ಮತ್ತಾಯ ೫:೨೩-೨೬ ಮತ್ತು ೧೮:೧೫-೧೭, ಲೂಕ ೧೮:೧-೮, ಅಪೊಸ್ತಲರ ಕೃತ್ಯಗಳು ೧೬:೩೫-೪೦ ಮತ್ತು ೨೫:೧-೧೨.



ಕಳೆದ ವರುಷ ಹೆಸರಿನ ರಾಶಿ ಮುಗಿದ ಮೇಲೆ ನಾವು ಅಯ್ಯನವರ ಸಂಗಡ ರೋಣ ತಾಲೂಕಿನ ಒಂದು ಚಿಕ್ಕ ಸಭೆಗೆ ಕರ್ತನ ಭೋಜನದ ಆರಾಧನೆಯ ನಿಮಿತ್ತ ಹೋಗಿದ್ದೆವು. ನರಗುಂದ, ಗಜೇಂದ್ರಗಡಗಳ ಕಡೆಯಿಂದಲೂ ಕೆಲವು ಕುಟುಂಬದವರು ಬಂದಿದ್ದರು. ರೊಟ್ಟಿಯನ್ನು ಹಂಚುವ ವೇಳೆಯಲ್ಲಿ, ಎಂದೂ ತಪ್ಪದೆ ಮುಂದೆ ಬರುವ ಒಬ್ಬ ಮನೆಯ ಯಜಮಾನನು ಎದ್ದು ಹೊರಗೆ ಹೋಗಿ ಬೇವಿನ ಗಿಡದ ಕೆಳಗೆ ಕೂತನು. ಆರಾಧನೆ ತೀರಿದ ಮೇಲೆ ಕಾರಣ ಕೇಳಲಾಗಿ ಅವನು, “ಒಳಗೆ ಕೂತ ಒಬ್ಬನ ಮೇಲೆ ನನ್ನ ಹೊಟ್ಟೆಯಲ್ಲಿ ಸಿಟ್ಟು ಅದೆ. ಅದನ್ನು ಇಟ್ಟುಕೊಂಡು ಹ್ಯಾಗೆ ಕೈ ಚಾಚಲಿ, ಉಪದೇಶಿಗಳೇ?” ಎಂದನು.

ಸಂಗತಿ ಏನಂದರೆ, ಮಕ್ಕಳಿಗೆ ಟ್ಯಾಬಿನ ಮೂಲಕ ಪಾಠ ಕಲಿಸುವ ಒಂದು ಕಂಪನಿಯುಂಟು. ಅದರ ಹೆಸರು ಈ ಪಾಠಕ್ಕೆ ಬೇಕಾಗಿಲ್ಲ. ಅದರ ಕೆಲಸದಲ್ಲಿದ್ದ ಯೌವನಸ್ಥನೊಬ್ಬನು, ಗಜೇಂದ್ರಗಡದ ಕಡೆಯವನು, ನಮ್ಮವನೇ, ಈ ಮನೆಗೆ ಬಂದು ಎಂಟನೇ ಇಯತ್ತೆಯ ಹುಡುಗಿಗಾಗಿ ಎರಡು ವರುಷದ ಪಾಠಗಳ ಚಂದಾ ಮಾಡಿಸಿದನು. ಒಟ್ಟು ಬೆಲೆ ೩೬,೦೦೦ ರೂಪಾಯಿ. ಕೈಯಿಂದ ಕೊಟ್ಟದ್ದು ೩,೦೦೦. ಉಳಿದದ್ದು ತಿಂಗಳಿಗೆ ೩,೦೦೦ದಂತೆ ೧೧ ಕಂತು. ಅದು ಕಂತಲ್ಲ, ಬೇರೊಂದು ಹಣಕಾಸಿನ ಸಂಸ್ಥೆಯಿಂದ ಅವನ ಹೆಸರಿನಲ್ಲಿ ತೆಗೆದ ಸಾಲ ಎಂಬದು ತಂದೆಗೆ ಆಗ ತಿಳಿದಿರಲಿಲ್ಲ. ಪಾಠಗಳೆಲ್ಲ ಇಂಗ್ಲಿಷಿನಲ್ಲಿದ್ದವು; ಹುಡುಗಿಯು ಕಲಿಯುವದು ಕನ್ನಡ ಶಾಲೆಯಲ್ಲಿ. ಹದಿನೈದು ದಿವಸದೊಳಗೆ ಬಿಟ್ಟರೆ ಹಣ ತಿರುಗಿ ಬರುವದೆಂದು ಮಾತು ಕೊಟ್ಟಿದ್ದರು. ಹತ್ತನೇ ದಿವಸವೇ ಬೇಡವೆಂದು ತಿಳಿಸಿದರು, ಚಂದಾ ರದ್ದಾಯಿತೆಂದು ಫೋನಿಗೆ ಸಂದೇಶ ಬಂತು, ಟ್ಯಾಬನ್ನೂ ಒಯ್ದರು. ಆದರೆ ಬ್ಯಾಂಕಿನ ಖಾತೆಯಿಂದ ತಿಂಗಳು ತಿಂಗಳು ೩,೦೦೦ ಹೋಗುತ್ತಲೇ ಇತ್ತು. ನಾವು ಕೇಳುವಷ್ಟರಲ್ಲಿ ಐದು ಕಂತು ಹೋಗಿದ್ದವು. ಮೊದಲು ಕೊಟ್ಟದ್ದೂ ಸೇರಿ ೧೮,೦೦೦ ರೂಪಾಯಿ.

ಚಂದಾ ಎಂಬ ಮಾತು ನಮ್ಮ ವಾಚಕರಿಗೆ ಹೊಸದಲ್ಲ. ಈ ಮಾಸಪತ್ರಿಕೆಗೂ ನೀವು ಚಂದಾ ಕೊಡುತ್ತೀರಿ. ಕೆಲವರು ಬಹಳ ತಡವಾಗಿ ಕೊಡುತ್ತೀರೆಂಬದು ಬೇರೆ ಮಾತು. ಆದರೆ ಪತ್ರಿಕೆಯ ಚಂದಾ ಕೊಡದಿದ್ದರೆ ಪತ್ರಿಕೆ ನಿಲ್ಲುವದು, ಅಷ್ಟೇ. ಈಗಿನ ಚಂದಾ ಹಾಗಲ್ಲ. ಒಂದು ಸಾರಿ ಹೆಬ್ಬೆಟ್ಟು ಒತ್ತಿ ಒಪ್ಪಿಗೆ ಕೊಟ್ಟರೆ ಅದು ತಾನಾಗಿಯೇ ಖಾತೆಯೊಳಗೆ ಕೈ ಹಾಕುತ್ತದೆ. ಸೇರುವ ಬಾಗಲು ಅಗಲ, ಬಿಡುವ ಬಾಗಲು ಇಕ್ಕಟ್ಟು. ಈ ಕಪಟವನ್ನು ಸರಕಾರವೇ ಕಂಡುಕೊಂಡಿದೆ. ಕೇಂದ್ರದ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ೨೦೨೩ನೇ ಇಸವಿ ನವೆಂಬರ ೩೦ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ ಕಂಪನಿಗಳು ಜಾಲತಾಣಗಳಲ್ಲಿ ಹೂಡುವ ೧೩ ವಿಧದ ಮೋಸಗಳನ್ನು ಹೆಸರಿಸಿದೆ. ಅವುಗಳಲ್ಲಿ ಚಂದಾದ ಬೋನು ಎಂಬದೂ ಒಂದು.

ಆ ಮನೆಯಲ್ಲಿ ಎರಡು ಅಭಿಪ್ರಾಯಗಳಿದ್ದವು. ಹೆಂಡತಿಯು, “ಕೋರ್ಟಿಗೆ ಹೋಗೋಣ” ಎಂದಳು. ಮುದುಕಿ ತಾಯಿಯು, “ಕೋರ್ಟಿನ ಮೆಟ್ಟಲು ಹತ್ತಬಾರದೆಂದು ಪೌಲನು ಬರೆದಿದ್ದಾನೆ, ಹೋದದ್ದು ಹೋಗಲಿ” ಎಂದಳು. ಬಾಸೆಲ್ ಮಿಶನ್ನಿನವರು ೧೮೪೧ರಲ್ಲಿ ಬೆಟಗೇರಿಯಲ್ಲಿ ನೆಲೆಗೊಂಡಂದಿನಿಂದ ನಮ್ಮ ಸಭೆಗಳಲ್ಲಿ ಜಗಳಗಳನ್ನು ಹಿರಿಯರ ಮುಂದೆ ತೀರಿಸಿಕೊಳ್ಳುವ ವಾಡಿಕೆ ಬೆಳೆದು ಬಂದಿದೆ. ಅದು ಒಳ್ಳೇ ವಾಡಿಕೆ. ಮುದುಕಿಯು ಅದನ್ನೇ ನೆನಸಿ ಮಾತಾಡಿದಳು. ಅವಳ ಮಾತನ್ನು ತಳ್ಳಿಹಾಕತಕ್ಕದ್ದಲ್ಲ. ಹೀಗಿರಲಾಗಿ ಅಪೊಸ್ತಲನು ಏನು ಬರೆದನೆಂದು ಸಾವಕಾಶವಾಗಿ ನೋಡೋಣ.

ಕೊರಿಂಥದ ಸಭೆಯಲ್ಲಿ ನಡೆದದ್ದು ಸಹೋದರನು ಸಹೋದರನನ್ನು ಅವಿಶ್ವಾಸಿಗಳ ಮುಂದೆ ನ್ಯಾಯಕ್ಕೆ ಎಳೆದ ಸಂಗತಿ. ಪೌಲನ ವ್ಯಥೆ ಎರಡು. ಒಂದು, ಇಂಥ ಚಿಕ್ಕ ವ್ಯಾಜ್ಯವನ್ನು ತೀರಿಸುವ ಒಬ್ಬ ವಿವೇಕಿಯೂ ಸಭೆಯಲ್ಲಿ ಇಲ್ಲವೇ ಎಂಬದು. ಎರಡು, ಅನ್ಯಾಯವನ್ನು ತಾಳಿಕೊಳ್ಳುವ ಬದಲು ನೀವೇ ಸಹೋದರರಿಗೆ ಅನ್ಯಾಯ ಮಾಡುತ್ತೀರಿ ಎಂಬದು. ಈ ಎರಡರಲ್ಲಿಯೂ ಸಹೋದರ ಎಂಬ ಶಬ್ದವನ್ನು ತೆಗೆದರೆ ವಾದವೇ ನಿಲ್ಲದು. ಅಂದಿನ ರೋಮರ ಆಳಿಕೆಯಲ್ಲಿ ಬಡವನು ಶ್ರೀಮಂತನ ಮೇಲೆ ನ್ಯಾಯಕ್ಕೆ ಹೋಗುವದು ಸುಲಭವಾಗಿರಲಿಲ್ಲ, ಶ್ರೀಮಂತನು ಬಡವನನ್ನು ಎಳೆಯುವದು ಸುಲಭವಾಗಿತ್ತು ಎಂಬದನ್ನೂ ನೆನಪಿನಲ್ಲಿಡಬೇಕು.

ಕಂಪನಿಯು ಸಹೋದರನೋ? ಅದನ್ನು ಮತ್ತಾಯ ೧೮ರ ಪ್ರಕಾರ ಒಬ್ಬಂಟಿಗನಾಗಿ ಕಂಡು ತಪ್ಪು ತಿಳಿಸಲಾಗದು, ಸಭೆಯ ಮುಂದೆ ಕರೆಯಲಾಗದು, ಪಶ್ಚಾತ್ತಾಪಪಟ್ಟರೆ ಅಪ್ಪಿಕೊಳ್ಳಲಾಗದು. ಕಾನೂನಿನಿಂದ ಹುಟ್ಟಿ ಕಾನೂನಿನಿಂದ ಉಸುರಾಡುವ ವ್ಯಕ್ತಿ ಅದು. ಕಾನೂನಿನ ಮಾತು ಮಾತ್ರ ಅದಕ್ಕೆ ಕೇಳಿಸುತ್ತದೆ. ಪೌಲನು ತಾನೇ ಫಿಲಿಪ್ಪಿಯಲ್ಲಿ ವಿಚಾರಣೆಯಿಲ್ಲದೆ ಹೊಡಿಸಿದ ಅಧಿಕಾರಿಗಳು ಬಂದು ತಮ್ಮನ್ನು ಹೊರಗೆ ಕರಕೊಂಡು ಹೋಗಬೇಕೆಂದು ಹಟ ಹಿಡಿದನು. ಕೈಸರೈಯದಲ್ಲಿ ಚಕ್ರವರ್ತಿಯ ನ್ಯಾಯವನ್ನೇ ಬೇಡಿದನು. ಲೂಕನ ಸುವಾರ್ತೆಯ ವಿಧವೆಯು ನ್ಯಾಯಾಧಿಪತಿಯ ಬಾಗಲನ್ನು ಬಿಡದೆ ತಟ್ಟಿದ್ದಕ್ಕಾಗಿ ನಮ್ಮ ಕರ್ತನು ಆಕೆಯನ್ನು ಬೈಯಲಿಲ್ಲ.

ಆದರೂ ತಾಳಿಕೊಳ್ಳುವದು ಮೇಲಲ್ಲವೇ ಎಂದು ಮುದುಕಿಯು ಪುನಃ ಕೇಳಿದಳು. ತನ್ನ ಅಂಗಿಯನ್ನು ಬಿಟ್ಟುಕೊಡುವದಕ್ಕೆ ಮನುಷ್ಯನಿಗೆ ಅಧಿಕಾರ ಉಂಟು. ಹೆಂಡತಿಯ ಸೀರೆಯನ್ನು ಬಿಟ್ಟುಕೊಡುವದಕ್ಕೆ ಉಂಟೇ? ಆ ೧೮,೦೦೦ದಲ್ಲಿ ಅವಳ ಕಳೆ ತೆಗೆಯುವ ಕೂಲಿಯೂ ಸೇರಿತ್ತು. ತನ್ನ ಪಾಲನ್ನು ಬಿಡುತ್ತೇನೆಂದು ಯಜಮಾನನು ಹೇಳಬಹುದು, ಎಲ್ಲರ ಪಾಲನ್ನೂ ಬಿಟ್ಟು ಅದಕ್ಕೆ ತಾಳ್ಮೆ ಎಂದು ಹೆಸರಿಡಬಾರದು ಎಂದು ನಾವು ಉತ್ತರ ಕೊಟ್ಟೆವು. ಮುದುಕಿಯು ಪೂರ್ಣವಾಗಿ ಒಪ್ಪಲಿಲ್ಲ. ಅಲ್ಲಿ ಕೂತಿದ್ದ ನರಗುಂದದ ಹಿರಿಯರೊಬ್ಬರು ೧೯೮೦ನೇ ಇಸವಿ ಜುಲೈ ೨೧ನ್ನು ನೆನಪಿಸಿದರು. ಮಲಪ್ರಭಾ ನೀರಾವರಿಯ ಅಭಿವೃದ್ಧಿ ಕರವು ಅನ್ಯಾಯವೆಂದು ರೈತರು ಎದ್ದ ದಿವಸ ಅದು. ಗೋಲೀಬಾರಾಗಿ ಜೀವಗಳು ಹೋದವು. “ಸಿಟ್ಟು ಬೀದಿಗೆ ಬಂದರೆ ಏನಾಗುತ್ತದೆಂದು ನಮ್ಮೂರು ನೋಡಿದೆ, ಕಾಗದದ ಮೇಲೆ ಬರಲಿ” ಎಂದರು.

ಇನ್ನು ಆ ಯೌವನಸ್ಥನ ಸಂಗತಿ. ಕಂಪನಿಯು ಸಹೋದರನಲ್ಲ, ಇವನು ಸಹೋದರನು. ಇಲ್ಲಿ ಮತ್ತಾಯ ೧೮ ಅಕ್ಷರಶಃ ನಡೆಯಬೇಕು. ಯಜಮಾನನು ಐದು ತಿಂಗಳು ಇವನ ಸಂಗಡ ಮಾತಾಡಿರಲಿಲ್ಲ. ಆದರೆ ಊರಿನಲ್ಲಿ ಎಲ್ಲರ ಸಂಗಡ ಇವನ ವಿಷಯ ಮಾತಾಡಿದ್ದನು. ಇದು ಕ್ರಮ ತಪ್ಪಿದ್ದು ಎಂದು ನಾವು ಸ್ಪಷ್ಟವಾಗಿ ಹೇಳಿದೆವು. ಮರುದಿನ ಇಬ್ಬರೂ ಗಜೇಂದ್ರಗಡಕ್ಕೆ ಹೋಗಿ ಅವನ ಮನೆಯಲ್ಲಿ ಕೂತೆವು. ಅವನು ಆ ಕೆಲಸವನ್ನು ಆಗಲೇ ಬಿಟ್ಟಿದ್ದನು. ಹದಿನೈದು ದಿವಸದ ಮಾತನ್ನು ತನಗೆ ಕಲಿಸಿಕೊಟ್ಟಂತೆ ಹೇಳಿದೆನೆಂದನು. ಕಂತೆಂಬದು ಸಾಲವೆಂದು ತನಗೆ ಗೊತ್ತಿತ್ತು, ಹೇಳಿದರೆ ಯಾರೂ ಸಹಿ ಮಾಡರೆಂದು ಬಾಯಿ ಮುಚ್ಚಿಕೊಂಡೆನೆಂದೂ ತಲೆ ತಗ್ಗಿಸಿ ಒಪ್ಪಿಕೊಂಡನು. ಅವನ ತಾಯಿಯು ಚಹಾ ತಂದಿಟ್ಟಳು. ಬಹಳ ಹೊತ್ತು ಯಾರೂ ಮುಟ್ಟಲಿಲ್ಲ. ಕಡೆಗೆ ಯಜಮಾನನು ಬಟ್ಟಲನ್ನು ಎತ್ತಿಕೊಂಡನು. ತನಗೆ ಬಂದಿದ್ದ ಕಮಿಷನ್ನನ್ನು ಕೊಡುತ್ತೇನೆಂದು ಹುಡುಗನು ಅಂದಾಗ, ಅದಕ್ಕಿಂತ ನಡೆದದ್ದನ್ನು ಬರೆದು ಸಹಿ ಮಾಡಿ ಕೊಡೆಂದು ಯಜಮಾನನೇ ಕೇಳಿದನು.

ಈಗ ದಾರಿಯ ವಿಷಯ. ನಮ್ಮ ಜನರು ಕೋರ್ಟೆಂದರೆ ಹತ್ತು ವರುಷದ ತಾರೀಖು, ವಕೀಲರ ಫೀಜು, ಹೊಲದ ಮಾರಾಟ ಎಂದು ತಿಳಿಯುತ್ತಾರೆ. ಗ್ರಾಹಕರ ನ್ಯಾಯವು ಬೇರೆ. ೨೦೧೯ರ ಗ್ರಾಹಕ ಸಂರಕ್ಷಣಾ ಕಾಯಿದೆಯು ೨೦೨೦ರ ಜುಲೈ ತಿಂಗಳಲ್ಲಿ ಜಾರಿಗೆ ಬಂತು. ಅದರ ಪ್ರಕಾರ ಕಂಪನಿಯ ಕಚೇರಿ ಎಲ್ಲೇ ಇರಲಿ, ಫಿರ್ಯಾದಿಯು ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ಫಿರ್ಯಾದು ಕೊಡಬಹುದು. ಹಾಗಾದರೆ ರೋಣ, ನರಗುಂದ, ಗಜೇಂದ್ರಗಡಗಳವರಿಗೆ ಗದಗವೇ ಸಾಕು. ಕೊಟ್ಟ ಬೆಲೆಯು ೫ ಲಕ್ಷ ರೂಪಾಯಿಯೊಳಗಿದ್ದರೆ ಫೀಜಿಲ್ಲ. ವಕೀಲನಿಲ್ಲದೆ ತಾನೇ ವಾದಿಸಬಹುದು. ಕಾರಣ ಹುಟ್ಟಿದ ದಿವಸದಿಂದ ೨ ವರುಷದೊಳಗೆ ಫಿರ್ಯಾದು ಕೊಡಬೇಕು. ಪರೀಕ್ಷೆಗೆ ಕಳುಹಿಸುವ ಸರಕು ಇಲ್ಲದ ವ್ಯಾಜ್ಯವನ್ನು ಎದುರುಪಕ್ಷಕ್ಕೆ ನೋಟೀಸು ಮುಟ್ಟಿದ ೩ ತಿಂಗಳಲ್ಲಿ ತೀರಿಸಲು ಪ್ರಯತ್ನಿಸಬೇಕೆಂದು ಕಾಯಿದೆ ಹೇಳುತ್ತದೆ; ನಡೆಯುವಾಗ ಹೆಚ್ಚು ಕಾಲ ಹಿಡಿಯುವದೂ ಉಂಟು. ಉಭಯರು ಒಪ್ಪಿದರೆ ಮಧ್ಯಸ್ಥಿಕೆಗೂ ಕಳುಹಿಸುತ್ತಾರೆ. ದಾರಿಯಲ್ಲಿರುವಾಗಲೇ ಎದುರಾಳಿಯ ಸಂಗಡ ಒಪ್ಪಂದ ಮಾಡಿಕೊಳ್ಳೆಂದು ಕರ್ತನು ಕೊಟ್ಟ ಬುದ್ಧಿಗೆ ಇದು ಹತ್ತಿರವಾದದ್ದು.

ಆದರೆ ಫಿರ್ಯಾದಿಗಿಂತ ಮುಂಚೆ ಮಾಡತಕ್ಕದ್ದು ಉಂಟು. ಕಂಪನಿಗೂ ಸಾಲ ಕೊಟ್ಟ ಸಂಸ್ಥೆಗೂ ಬರಹದ ಮೂಲಕ ತಿಳಿಸಿ ನಕಲು ಇಟ್ಟುಕೊಳ್ಳಬೇಕು. ೧೯೧೫ ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕನ್ನಡದಲ್ಲಿಯೇ ಮಾತಾಡಬಹುದು. ಎಷ್ಟೋ ವ್ಯಾಜ್ಯಗಳು ಅಲ್ಲಿಯೇ ತೀರುತ್ತವೆ. ಸಾಲ ಕೊಟ್ಟವರು ೩೦ ದಿವಸದೊಳಗೆ ಸರಿಯಾದ ಉತ್ತರ ಕೊಡದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಎಂಬ ಅಧಿಕಾರಿಗೆ ಖರ್ಚಿಲ್ಲದೆ ದೂರು ಕೊಡಬಹುದು. ಸಿಟ್ಟಿನಿಂದ ಕಂತನ್ನು ಸುಮ್ಮನೆ ನಿಲ್ಲಿಸಿಬಿಡಬಾರದು. ಹಾಗೆ ಮಾಡಿದರೆ ಸಾಲ ಮುಟ್ಟಿಸದವನೆಂದು ಹೆಸರು ದಾಖಲಾಗಿ, ಮುಂದೆ ಪೀಕಿನ ಸಾಲ ಕೇಳುವಾಗ ಬ್ಯಾಂಕಿನವರು ಮುಖ ತಿರುಗಿಸುವರು. ಮೊದಲು ಬರೆದು ತಿಳಿಸಿ, ಆಮೇಲೆ ಬ್ಯಾಂಕಿಗೆ ಹೋಗಿ ಒಪ್ಪಿಗೆಯನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು. ಹೆಂಗಸರೂ ಪರಿಶಿಷ್ಟ ಜಾತಿ ಪಂಗಡಗಳವರೂ ಕಾನೂನು ಸೇವಾ ಸಮಿತಿಯಿಂದ ಧರ್ಮಾರ್ಥವಾಗಿ ವಕೀಲರನ್ನು ಪಡೆಯಬಹುದು, ಅವರ ಆದಾಯ ಎಷ್ಟೇ ಇರಲಿ. ರೋಣ, ನರಗುಂದಗಳ ಕೋರ್ಟಿನಲ್ಲಿ ವಿಚಾರಿಸಿರಿ.

ತಡಮಾಡಬಾರದು ಎಂಬದಕ್ಕೆ ಒಂದು ದೃಷ್ಟಾಂತ. ಬೆಂಗಳೂರಿನ ಬೈಜೂಸ್ ಎಂಬ ಪಾಠದ ಕಂಪನಿಯ ಹೆಸರನ್ನು ನೀವು ಕೇಳಿದ್ದೀರಿ. ಒಂದು ಕಾಲದಲ್ಲಿ ಭಾರತದ ಕ್ರಿಕೆಟ್ ಆಟಗಾರರ ಎದೆಯ ಮೇಲೆ ಅದರ ಹೆಸರಿತ್ತು. ತಂದೆತಾಯಿಗಳಿಗೆ ಒತ್ತಾಯದಿಂದ ಪಾಠಗಳನ್ನು ಮಾರುತ್ತಾರೆಂಬ ಆರೋಪದ ಮೇಲೆ ೨೦೨೨ರ ಡಿಸೆಂಬರದಲ್ಲಿ ರಾಷ್ಟ್ರೀಯ ಮಕ್ಕಳ ಹಕ್ಕುಗಳ ಆಯೋಗವು ಅದರ ಮುಖ್ಯಸ್ಥನಿಗೆ ಸಮನ್ಸು ಕಳುಹಿಸಿತು. ದೇಶದ ಬೇರೆ ಬೇರೆ ಗ್ರಾಹಕ ಆಯೋಗಗಳು ಹಣ ತಿರುಗಿ ಕೊಡಬೇಕೆಂದು ಆಜ್ಞೆ ಮಾಡಿದವು. ಆದರೆ ಕ್ರಿಕೆಟ್ ಮಂಡಳಿಗೆ ಸುಮಾರು ೧೫೮ ಕೋಟಿ ರೂಪಾಯಿ ಕೊಡಬೇಕಾಗಿದ್ದ ಕಾರಣ ೨೦೨೪ನೇ ಇಸವಿ ಜುಲೈ ೧೬ರಂದು ಕಂಪನಿ ಕಾನೂನು ನ್ಯಾಯಮಂಡಳಿಯ ಬೆಂಗಳೂರು ಪೀಠವು ಅದನ್ನು ದಿವಾಳಿಯ ವಿಚಾರಣೆಗೆ ಒಳಪಡಿಸಿತು. ನಡುವೆ ಒಂದು ರಾಜಿಯಾಯಿತು. ಅಕ್ಟೋಬರ ೨೩ರಂದು ಸುಪ್ರೀಂ ಕೋರ್ಟು ಆ ರಾಜಿಗೆ ಸಿಕ್ಕಿದ್ದ ಒಪ್ಪಿಗೆಯನ್ನು ತೆಗೆದುಹಾಕಿತು. ದಿವಾಳಿಯ ವಿಚಾರಣೆ ಹತ್ತಿದರೆ ಆ ಕಂಪನಿಯ ಮೇಲಿನ ಉಳಿದ ಫಿರ್ಯಾದುಗಳಿಗೆಲ್ಲ ತಡೆಯಾಗುತ್ತದೆ. ೩,೦೦೦ ಬರಬೇಕಾದ ತಂದೆಯೂ ಕೋಟಿ ಬರಬೇಕಾದ ಮಂಡಳಿಯೂ ಒಂದೇ ಕಚೇರಿಗೆ ತಮ್ಮ ಹಕ್ಕನ್ನು ಬರೆದು ಕೊಟ್ಟು ಕಾಯಬೇಕು. ಬಡವನು ಸಾಲಿನ ಹಿಂದೆ. ಆಜ್ಞೆ ಸಿಕ್ಕಿತೆಂದರೆ ಹಣ ಸಿಕ್ಕಿತೆಂದಲ್ಲ. ಮೊದಲನೇ ಕಂತು ತಪ್ಪಾಗಿ ಹೋದಾಗಲೇ ಕಾಗದ ಬರೆಯತಕ್ಕದ್ದು.

ನಮ್ಮ ಯಜಮಾನನ ಫಿರ್ಯಾದನ್ನು ಬರೆಯುವಾಗ ಒಂದು ಇಕ್ಕಟ್ಟು ಬಂತು. ಟ್ಯಾಬು ಒಂದು ದಿವಸವೂ ನಡೆಯಲಿಲ್ಲವೆಂದು ಬರೆಯಿರಿ ಎಂದು ನೆರೆಯವನೊಬ್ಬನು ಸಲಹೆ ಕೊಟ್ಟನು. ಹುಡುಗಿಯು ಅಡಿಗೆಮನೆಯಿಂದಲೇ, “ನಾಲ್ಕು ದಿವಸ ನಾ ನೋಡೇನಲ್ಲ, ಅಪ್ಪಾ” ಎಂದಳು. ಎಲ್ಲರೂ ಸುಮ್ಮನಾದರು. ನಾಲ್ಕು ದಿವಸ ಉಪಯೋಗಿಸಿದಳೆಂದು ಬರೆದೆವು. ಮನಸ್ಸಿನ ವ್ಯಥೆಗೆ ಒಂದು ಲಕ್ಷ ಕೇಳೆಂದವರೂ ಇದ್ದರು. ೧೮,೦೦೦ವನ್ನೂ ಗದಗಕ್ಕೆ ತಿರುಗಾಡಿದ ಖರ್ಚನ್ನೂ ಮಾತ್ರ ಕೇಳಿದನು. ಹೆಚ್ಚು ಕೇಳುವದು ಕಾನೂನಿನಲ್ಲಿ ತಪ್ಪೆಂದು ನಾವು ಹೇಳುವದಿಲ್ಲ, ಅವನು ಬೇಡವೆಂದನು.

ಸಾಲದ ಸಂಸ್ಥೆಯವರು ನೋಟೀಸು ಮುಟ್ಟಿದ ಮೇಲೆ ಆರನೇ ಕಂತನ್ನು ತೆಗೆಯಲಿಲ್ಲ. ಕಂಪನಿಯಿಂದ ಈ ವರೆಗೆ ಉತ್ತರ ಬಂದಿಲ್ಲ. ಗದಗಕ್ಕೆ ಫಿರ್ಯಾದು ಕೊಡಲಿಕ್ಕೆ ಹೋದ ದಿವಸ ಬಸ್ಸಿನಲ್ಲಿ ಮೂವರಿದ್ದೆವು. ಮೂರನೆಯವನು ಗಜೇಂದ್ರಗಡದ ಆ ಹುಡುಗನು. ತನ್ನ ಬರಹಕ್ಕೆ ತಾನೇ ಸಾಕ್ಷಿ ಹೇಳುತ್ತೇನೆಂದು ಬಂದಿದ್ದನು. ಟಿಕೀಟನ್ನು ಯಜಮಾನನು ತೆಗೆಸಿದನು.