ಪಂಪ್‌ಸೆಟ್ಟಿನ ನಿಜವಾದ ಬೆಲೆ

ಯಂತ್ರವೊಂದನ್ನು ಕೊಳ್ಳುವಾಗ ತೆರುವ ಹಣವು ಅದರ ವೆಚ್ಚದ ಒಂದು ಭಾಗ ಮಾತ್ರ. ಇಂಧನ, ದುರಸ್ತಿ, ಸಾಲದ ಬಡ್ಡಿ ಇವು ಯಂತ್ರದ ಆಯುಷ್ಯದುದ್ದಕ್ಕೂ ಬೆನ್ನಟ್ಟಿ ಬರುತ್ತವೆ. ಆದುದರಿಂದ ಎರಡು ಯಂತ್ರಗಳನ್ನು ಹೋಲಿಸುವಾಗ ಹತ್ತು ವರ್ಷಗಳ ಒಟ್ಟು ವೆಚ್ಚವನ್ನು ಲೆಕ್ಕಹಾಕುವುದು ಅವಶ್ಯಕ.

ಮಹಾರಾಷ್ಟ್ರದ ನಾಶಿಕ್ ಮತ್ತು ಛತ್ರಪತಿ ಸಂಭಾಜಿನಗರ (ಹಿಂದಿನ ಔರಂಗಾಬಾದ್) ಜಿಲ್ಲೆಗಳೆರಡರಲ್ಲೂ ಗೋದಾವರಿ ಹರಿಯುತ್ತದೆ. ಆದರೆ ಬೇಸಾಯದ ಕ್ರಮ ಬೇರೆ. ನಾಶಿಕ್‌ನ ದ್ರಾಕ್ಷಿ ತೋಟಕ್ಕೆ ವರ್ಷದ ಹೆಚ್ಚಿನ ತಿಂಗಳು ಹನಿ ನೀರಾವರಿ ಬೇಕು. ಸಂಭಾಜಿನಗರದ ಮಳೆಯಾಶ್ರಿತ ಹತ್ತಿ ಹೊಲಕ್ಕೆ ಮಳೆ ಕೈಕೊಟ್ಟಾಗ ಕೆಲವು ಸಲ ನೀರು ಹಾಯಿಸಿದರೆ ಸಾಕು.

ವಿದ್ಯುತ್ ಸಂಪರ್ಕವಿಲ್ಲದ ಬಾವಿಗೆ 5 ಅಶ್ವಶಕ್ತಿಯ ಪಂಪ್ ಬೇಕಾಗಿದೆಯೆಂದು ಭಾವಿಸೋಣ. ಡೀಸೆಲ್ ಪಂಪಿನ ಬೆಲೆ 40,000 ರೂಪಾಯಿ, ಹತ್ತು ವರ್ಷಗಳ ದುರಸ್ತಿ 50,000, ಗಂಟೆಗೆ ಒಂದು ಲೀಟರ್ ಡೀಸೆಲ್, ಲೀಟರಿಗೆ 90 ರೂಪಾಯಿ ಎಂದಿಟ್ಟುಕೊಳ್ಳೋಣ. ಸೌರ ಪಂಪಿನ ಪೂರ್ಣ ಬೆಲೆ 3,50,000, ದುರಸ್ತಿ 40,000. ಒಟ್ಟು 3,90,000 ರೂಪಾಯಿ. ಇಂಧನದ ಖರ್ಚಿಲ್ಲ.

ವರ್ಷಕ್ಕೆ 600 ಗಂಟೆ ನಡೆಯುವ ದ್ರಾಕ್ಷಿ ತೋಟದಲ್ಲಿ ಡೀಸೆಲ್ ಪಂಪಿನ ಹತ್ತು ವರ್ಷದ ವೆಚ್ಚ 6,30,000 ರೂಪಾಯಿ. ಇಲ್ಲಿ ಸೌರ ಪಂಪೇ ಅಗ್ಗ. ವರ್ಷಕ್ಕೆ 100 ಗಂಟೆ ಮಾತ್ರ ನಡೆಯುವ ಹತ್ತಿ ಹೊಲದಲ್ಲಿ ಆ ವೆಚ್ಚ 1,80,000 ರೂಪಾಯಿ. ಇಲ್ಲಿ ಡೀಸೆಲ್ ಪಂಪೇ ಅಗ್ಗ. ಎರಡೂ ಸಮನಾಗುವುದು ವರ್ಷಕ್ಕೆ ಸುಮಾರು 333 ಗಂಟೆಗಳಲ್ಲಿ. ಹೀಗೆ ಲಾಭ ನಷ್ಟವನ್ನು ಬಹುಮಟ್ಟಿಗೆ ನಿರ್ಧರಿಸುವುದು ಬಳಕೆಯ ಗಂಟೆಗಳು.

ಸಹಾಯಧನವು ಈ ಲೆಕ್ಕವನ್ನು ಬದಲಿಸುತ್ತದೆ. ಕೇಂದ್ರ ಸರ್ಕಾರವು 2019ರಲ್ಲಿ ಪಿಎಂ-ಕುಸುಮ್ ಯೋಜನೆಯನ್ನು ಆರಂಭಿಸಿತು. ಮಹಾರಾಷ್ಟ್ರ ಸರ್ಕಾರದ 2024ರ ಸೌರ ಕೃಷಿ ಪಂಪ್ ಯೋಜನೆಯು ರೈತರ ಪಾಲನ್ನು ಬೆಲೆಯ ಶೇಕಡ 10ಕ್ಕೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರ ಪಾಲನ್ನು ಶೇಕಡ 5ಕ್ಕೆ ನಿಗದಿಪಡಿಸಿತು. ಶೇಕಡ 10ರಂತೆ ಮೇಲಿನ ಸೌರ ಪಂಪಿಗೆ ರೈತನು ಹತ್ತು ವರ್ಷಗಳಲ್ಲಿ ತೆರುವುದು 75,000 ರೂಪಾಯಿ. ಆಗ ಹತ್ತಿ ಹೊಲಕ್ಕೂ ಅದು ಲಾಭದಾಯಕ. ಉಳಿದ ಹಣವನ್ನು ಸಾರ್ವಜನಿಕ ಬೊಕ್ಕಸವು ಭರಿಸುತ್ತದೆಂಬುದನ್ನು ಮರೆಯಬಾರದು.

ಸೌರ ಪಂಪ್ ರಾತ್ರಿ ನಡೆಯದು. ಬಿಸಿಲಿಗೆ ಬೆಲೆಯಿಲ್ಲವೆಂದು ಅಗತ್ಯ ಮೀರಿ ನೀರೆತ್ತಿದರೆ ಬಾವಿ ಬತ್ತುತ್ತದೆ. ಆಗ ಯಾವ ಪಂಪೂ ಲಾಭದಾಯಕವಲ್ಲ. ಆದುದರಿಂದ ಕರಾರಿಗೆ ಸಹಿ ಹಾಕುವ ಮೊದಲು ಬಳಕೆಯ ಗಂಟೆ, ಇಂಧನದ ದರ, ದುರಸ್ತಿಯ ಖಾತರಿ, ಸಾಲದ ಬಡ್ಡಿ ಮತ್ತು ಬಾವಿಯ ನೀರಿನ ಇಳುವರಿ ಈ ಐದನ್ನೂ ಕಾಗದದ ಮೇಲೆ ಬರೆದು ನೋಡುವುದು ಲೇಸು.