ಯಾವ ಹುಳ ಅಂತ ಮೊದಲು ನೋಡಿ: ಮಂಗಳವೇಢೆಯ ಹೊಲಮನೆಯ ಪಾಠಗಳು

ಮಂಗಳವೇಢೆ ತಾಲೂಕಿನ ದಕ್ಷಿಣಕ್ಕಿರುವ ಕನ್ನಡ ಮಾತಿನ ಹಳ್ಳಿ ನಮ್ಮದು. ಎರೆ ಹೊಲದಲ್ಲಿ ಹಿಂಗಾರಿ ಜೋಳ, ಬಾವಿಯ ಬದಿಗೆ ಒಂದಿಷ್ಟು ದಾಳಿಂಬೆ, ಮನೆಗೆ ಹತ್ತಿಕೊಂಡೇ ದನದ ಗೋಠಾ. ರೆಕ್ಕೆಯ ಹುಳ ಇಲ್ಲಿ ವರ್ಷವಿಡೀ ಇದ್ದದ್ದೇ. ಬೇಸಿಗೆಗೆ ನೊಣ, ಮಿರಗದ ಮಳೆಗೆ ದೀಪದ ಹುಳ, ಶ್ರಾವಣಕ್ಕೆ ಸೊಳ್ಳೆ, ಬಿತ್ತಿಗೆಗೆ ಸುಳಿನೊಣ, ಸುಗ್ಗಿ ಮುಗಿದ ಮೇಲೆ ಕಾಳಿನ ಪತಂಗ. ಪೇಟೆಯ ಔಷಧಕ್ಕೆ ಕೈಹಾಕುವ ಮೊದಲು ಮನೆಯಲ್ಲಿದ್ದುದರಿಂದಲೇ ಏನು ಮಾಡಬಹುದು ಎಂದು ಇಷ್ಟು ವರ್ಷ ನೋಡುತ್ತ ಬಂದಿದ್ದೇನೆ. ಕೈ ಹಿಡಿದವುಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

1. ಓಡಿಸುವ ಮೊದಲು ಒಂದನ್ನು ಹಿಡಿದು ನೋಡಬೇಕು.

ಒಂದು ಹುಳದ ಉಪಾಯ ಇನ್ನೊಂದಕ್ಕೆ ನಡೆಯುವುದಿಲ್ಲ. ಬೆಲ್ಲದ ನೀರಿನ ಬಾಟಲಿ ನೊಣಕ್ಕೆ ಸರಿ. ಅದನ್ನೇ ಸೊಳ್ಳೆಗೆ ಇಟ್ಟು, ‘ಏನೂ ಆಗಲಿಲ್ಲರಿ’ ಎಂದು ಹೇಳುವವರನ್ನು ಎಷ್ಟೋ ಕಂಡಿದ್ದೇನೆ. ಕಚ್ಚುವ ಸೊಳ್ಳೆ ಹುಡುಕಿ ಬರುವುದು ನಮ್ಮ ಉಸಿರು, ಬೆವರಿನ ವಾಸನೆ, ಮೈಯ ಬಿಸಿ, ಬೆಲ್ಲವನ್ನಲ್ಲ. ಗಾಜಿನ ಲೋಟ ಬೋರಲು ಹಾಕಿ ಒಂದನ್ನು ಹಿಡಿಯಿರಿ. ಕಾಲಿಗೆ ಬಿಳಿ ಪಟ್ಟೆ ಇದ್ದು ಹಗಲಲ್ಲಿ ಕಚ್ಚುತ್ತಿದ್ದರೆ ಅದು ಡೆಂಗೀ ಹರಡುವ ಈಡಿಸ್. ಹುಟ್ಟಿದ ಜಾಗ ನಿಮ್ಮ ಮನೆಯ ನೀರಿನ ಬ್ಯಾರಲ್ಲೇ ಇರಬಹುದು. ರಾತ್ರಿ ಕಿವಿಯಲ್ಲಿ ಗುಂಯ್ ಎನ್ನುವ ಕಂದು ಸೊಳ್ಳೆ ಹೆಚ್ಚಾಗಿ ಗಟಾರಿನದು, ಸಂಡಾಸಿನ ಗುಂಡಿಯದು. ಗೋಡೆಯ ಮೇಲೆ ಹಿಂಭಾಗ ಎತ್ತಿ ಓರೆಯಾಗಿ ಕೂತಿದ್ದರೆ ಮಲೇರಿಯಾದ ಅನಾಫಿಲಿಸ್. ಬಚ್ಚಲ ಗೋಡೆಗೆ ಅಂಟಿದ, ರೋಮದ ರೆಕ್ಕೆಯ ಬೂದು ಹುಳ ಕಚ್ಚುವುದೇ ಇಲ್ಲ. ಬಚ್ಚಲ ಕೊಳವೆಯೊಳಗಿನ ಲೋಳೆಯನ್ನು ಬ್ರಶ್ಶಿನಿಂದ ಉಜ್ಜಿ ಕುದಿನೀರು ಸುರಿದರೆ ಅದರ ಕಥೆ ಮುಗಿಯಿತು.

2. ನೊಣದ ಲೆಕ್ಕ ತಿಪ್ಪೆಯಲ್ಲಿದೆ.

ಹೆಣ್ಣು ನೊಣ ಒಂದು ಸಲಕ್ಕೆ ನೂರರ ಆಸುಪಾಸು ಮೊಟ್ಟೆ ಇಡುತ್ತದೆ. ನಮ್ಮ ಬೇಸಿಗೆಯ ಕಾವಿಗೆ ಒಂದೇ ದಿನದಲ್ಲಿ ಅವು ಒಡೆದು ಹುಳವಾಗುತ್ತವೆ, 7ರಿಂದ 10 ದಿನಗಳಲ್ಲಿ ರೆಕ್ಕೆ ಬಂದು ಹಾರುತ್ತವೆ. ಅಡುಗೆಮನೆಯಲ್ಲಿ ಬಟ್ಟೆ ಬೀಸುತ್ತ ಕೂತರೆ ಆ ಲೆಕ್ಕಕ್ಕೆ ಎಂದೂ ಸಾಟಿಯಾಗುವುದಿಲ್ಲ.

ಹುಳಕ್ಕೆ ಬೇಕಾದದ್ದು ಹಸಿ ಸಗಣಿ. ಒಣಗಿದ್ದು ಅದಕ್ಕೆ ಬೇಡ. ಅದಕ್ಕೇ ಬೇಸಿಗೆಯಲ್ಲಿ ಸಗಣಿಯನ್ನು ಗುಡ್ಡೆ ಹಾಕದೆ ತೆಳ್ಳಗೆ ಹರವಬೇಕು, ಇಲ್ಲವೇ ಅವತ್ತಿಂದವತ್ತೇ ಕುಳ್ಳು ತಟ್ಟಬೇಕು. ಕುಳ್ಳು ತಟ್ಟುವ ಹೆಣ್ಣುಮಕ್ಕಳು ಒಲೆಗೆ ಉರುವಲು ಕೂಡಿಸುವುದರ ಜೊತೆಗೆ ಊರಿನ ನೊಣವನ್ನೂ ಕಡಿಮೆ ಮಾಡುತ್ತಿದ್ದಾರೆ. ಆ ಕೆಲಸದ ಬೆಲೆಯನ್ನು ನಾವು ಗಂಡಸರು ತಿಳಿದೇ ಇಲ್ಲ. ಮಳೆಗಾಲದಲ್ಲಿ ಹರವಲು ಬಾರದು. ಆಗ ತಿಪ್ಪೆಯನ್ನು ಕರಿ ಪ್ಲಾಸ್ಟಿಕ್ ಹಾಳೆಯಿಂದ ಬಿಗಿಯಾಗಿ ಮುಚ್ಚಿ ಅಂಚಿಗೆ ಮಣ್ಣು ಹೇರಬೇಕು. ಒಳಗಿನ ಕಾವಿಗೇ ಹುಳ ಸಾಯುತ್ತವೆ. ಗೋಬರ್ ಗ್ಯಾಸ್ ಇದ್ದವರಿಗೆ ಇನ್ನೂ ಸುಲಭ, ಹಸಿ ಸಗಣಿ ಬಯಲಲ್ಲಿ ಉಳಿಯುವುದೇ ಇಲ್ಲ.

ಕೋಶ ಕಟ್ಟುವ ಹೊತ್ತಿಗೆ ಹುಳ ತಿಪ್ಪೆಯ ನಡುವೆ ಇರುವುದಿಲ್ಲ. ಒಣ ಜಾಗ ಹುಡುಕಿಕೊಂಡು ಅಂಚಿನ ಸಡಿಲ ಮಣ್ಣಿಗೆ ಇಳಿಯುತ್ತದೆ. ತಿಪ್ಪೆಯ ಸುತ್ತ ಎರಡು ಮೂರು ಫೂಟು ಮಣ್ಣನ್ನು ವಾರಕ್ಕೊಮ್ಮೆ ಕುರ್ಪಿಯಿಂದ ಕೆದರಿ, ಜವಾರಿ ಕೋಳಿಗಳನ್ನು ಬಿಟ್ಟುಬಿಡಿ. ಕೆಂಪಗೆ ಸಣ್ಣ ಕಾಳಿನಂತೆ ಕಾಣುವ ಕೋಶಗಳನ್ನು ಅವು ಒಂದೂ ಬಿಡದೆ ಹೆಕ್ಕುತ್ತವೆ. ನನ್ನ ಕಣ್ಣಿಗೆ ಬಿದ್ದ ನೊಣದ ಮದ್ದುಗಳಲ್ಲಿ ಇದಕ್ಕಿಂತ ಒಳ್ಳೆಯದಿಲ್ಲ. ಖರ್ಚಿಲ್ಲ, ಮೇಲೆ ತತ್ತಿ.

3. ಬಾಟಲಿಯ ಬೋನು ಮನೆಯಿಂದ ದೂರ ಇರಬೇಕು.

ತಿಪ್ಪೆ ಸರಿಯಾದ ಮೇಲೂ ಉಳಿಯುವ ನೊಣಕ್ಕೆ ಬೋನು ಬೇಕು. ಎರಡು ಲೀಟರಿನ ತಂಪು ಪಾನೀಯದ ಬಾಟಲಿಯ ಕುತ್ತಿಗೆ ಕತ್ತರಿಸಿ, ಮುಚ್ಚಳ ತೆಗೆದು, ಅದನ್ನೇ ಲಾಳಿಕೆಯ ಹಾಗೆ ತಲೆಕೆಳಗಾಗಿ ಒಳಗೆ ಕೂಡಿಸಿ. ತಳಕ್ಕೆ ಬೆಲ್ಲದ ನೀರು, ಕೊಳೆತ ಹಣ್ಣಿನ ಚೂರು. ಎರಡು ದಿನ ಬಿಸಿಲಿಗೆ ಹುಳಿಯಲು ಬಿಟ್ಟರೆ ವಾಸನೆ ಏಳುತ್ತದೆ. ಒಳಗೆ ಇಳಿದ ನೊಣಕ್ಕೆ ಹೊರಬರುವ ಸಣ್ಣ ಬಾಯಿ ಸಿಗುವುದಿಲ್ಲ. ಒಂದು ಚಮಚ ವಿನೆಗರ್ ಹಾಕುವುದನ್ನು ಮಾತ್ರ ಮರೆಯಬಾರದು. ಬರೀ ಬೆಲ್ಲಕ್ಕೆ ಜೇನುನೊಣವೂ ಬೀಳುತ್ತದೆ, ದಾಳಿಂಬೆ ಹೂಬಿಟ್ಟಾಗ ಜೇನು ಕಳೆದುಕೊಳ್ಳುವುದು ನಮಗೇ ನಷ್ಟ. ವಿನೆಗರಿನ ಹುಳಿಗೆ ಜೇನು ದೂರ ಸರಿಯುತ್ತದೆ.

ಬೋನು ನೊಣವನ್ನು ಕರೆಯುವ ವಸ್ತು. ಅಡುಗೆಮನೆಯ ಬಾಗಿಲಿಗೆ ತೂಗುಹಾಕಿದರೆ ಇಲ್ಲದ ನೊಣವೂ ಬರುತ್ತದೆ. ಗೋಠಾ ಮತ್ತು ಮನೆಯ ನಡುವೆ, ಬಾಗಿಲಿಂದ ಹದಿನೈದು ಇಪ್ಪತ್ತು ಫೂಟು ದೂರ, ನೆಲಕ್ಕೆ ಹತ್ತಿರ ಕಟ್ಟಿ. ದೀಪಾವಳಿ ಅಮಾವಾಸ್ಯೆಗೆ ಹುಲಜಂತಿಯ ಮಾಳಿಂಗರಾಯನ ಜಾತ್ರೆಯಲ್ಲಿ ಮಿಠಾಯಿ ಅಂಗಡಿ ಹಾಕುವವರಿಗೂ ಇದನ್ನೇ ಹೇಳುತ್ತೇನೆ: ಬೋನು ಅಂಗಡಿಯ ಹಿಂದೆ, ಮಿಠಾಯಿಯ ಮೇಲೆ ಜಾಳಿಗೆ ಬಟ್ಟೆ. ಪಾರದರ್ಶಕ ಚೀಲದಲ್ಲಿ ನೀರು ತುಂಬಿ ತೂಗುಹಾಕುವ ರೂಢಿ ಹಲವೆಡೆ ಇದೆ. ಆ ಚೀಲದ ಮೇಲೆಯೇ ನೊಣ ಆರಾಮಾಗಿ ಕೂತದ್ದನ್ನು ನೋಡಿದ್ದೇನೆ, ನನಗೆ ಅದರಲ್ಲಿ ನಂಬಿಕೆ ಇಲ್ಲ.

ಅಂಟುಪಟ್ಟಿ ಬೇಕಾದವರು 8 ಪಾಲು ರಾಳಕ್ಕೆ 5 ಪಾಲು ಔಡಲೆಣ್ಣೆ ಸೇರಿಸಿ, ಕುದಿಯುವ ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ, ದಪ್ಪ ಕಾಗದಕ್ಕೆ ಬಳಿಯಬಹುದು. ನೇರ ಬೆಂಕಿಗೆ ಇಡಬೇಡಿ, ರಾಳ ಹತ್ತಿಕೊಳ್ಳುತ್ತದೆ.

4. ನೀರಿನ ಬರ ಇದ್ದಲ್ಲೇ ಡೆಂಗೀ ಸೊಳ್ಳೆ ಹೆಚ್ಚು.

ಮಳೆ ಕಡಿಮೆ ಇರುವ ಊರಿಗೆ ಸೊಳ್ಳೆ ಎಲ್ಲಿಂದ ಬರಬೇಕು ಎಂದು ಹೊರಗಿನವರು ಕೇಳುತ್ತಾರೆ. ನಳದ ನೀರು ದಿನವೂ ಬಾರದ ಕಾರಣ, ಟ್ಯಾಂಕರಿನ ನೀರು ಬಂದಾಗ ಇದ್ದಬದ್ದ ಪಾತ್ರೆಗಳಿಗೆಲ್ಲ ತುಂಬಿಡುತ್ತೇವೆ. ಬ್ಯಾರಲ್, ಸಿಮೆಂಟಿನ ಹೌದ, ದನದ ದೋಣಿ, ಎಲ್ಲವೂ ಈಡಿಸ್‌ನ ತೊಟ್ಟಿಲು. ಮೊಟ್ಟೆಯಿಂದ ಸೊಳ್ಳೆಯಾಗಲು ವಾರಕ್ಕಿಂತ ತುಸು ಹೆಚ್ಚು ದಿನ ಬೇಕು. ಆರೋಗ್ಯ ಇಲಾಖೆ ವಾರಕ್ಕೊಂದು ‘ಕೋರಡಾ ದಿವಸ’, ಅಂದರೆ ನೀರಿನ ಪಾತ್ರೆ ಒಣಗಿಸುವ ದಿನ, ಎಂದು ಸಾರುವುದು ಅದಕ್ಕೇ. ಆದರೆ ನೀರು ಚೆಲ್ಲಿ ಮತ್ತೆ ತುಂಬಿದರೆ ಸಾಲದು. ಈಡಿಸ್ ಮೊಟ್ಟೆ ಇಡುವುದು ನೀರಿನ ಗೆರೆಯ ಮೇಲಿನ ಗೋಡೆಗೆ; ಅವು ಒಣಗಿಯೂ ತಿಂಗಳುಗಟ್ಟಲೆ ಬದುಕಿದ್ದು, ನೀರು ಮುಟ್ಟಿದೊಡನೆ ಒಡೆಯುತ್ತವೆ. ತೆಂಗಿನ ನಾರಿನಿಂದ ಒಳಗೋಡೆಯನ್ನು ತಿಕ್ಕಲೇಬೇಕು. ಚೆಲ್ಲುವ ನೀರನ್ನು ಗಿಡದ ಬುಡಕ್ಕೆ ಹಾಕಿ, ನಮ್ಮ ಕಡೆ ಯಾರಿಗೂ ನೀರು ಚೆಲ್ಲಲು ಮನಸ್ಸು ಬರುವುದಿಲ್ಲ.

ಬ್ಯಾರಲ್ಲಿನ ಬಾಯಿಗೆ ಹಳೆಯ ಧೋತರದ ಎರಡು ಮಡಿಕೆ, ಮೇಲೆ ಸೈಕಲ್ ಟ್ಯೂಬು ಕತ್ತರಿಸಿದ ಬಳೆ. ಬಿಗಿಯಾಗಿ ಕೂರುತ್ತದೆ. ಖಾಲಿ ಮಾಡಲಾಗದ ಹೌದಕ್ಕೆ ಗಪ್ಪಿ ಮೀನು ಬಿಡಬೇಕು. ಆರೋಗ್ಯ ಕೇಂದ್ರದಲ್ಲಿ ಕೇಳಿ ನೋಡಿ.

ಗಟಾರಿನ ಸೊಳ್ಳೆಗೆ ಬಹಳ ಜನ ಮರೆಯುವ ಜಾಗವೊಂದಿದೆ. ಸಂಡಾಸಿನ ಗುಂಡಿಯಿಂದ ಮೇಲಕ್ಕೆ ಹೋಗುವ ಗಾಳಿಕೊಳವೆ. ಮನೆಮನೆಗೆ ಸಂಡಾಸು ಬಂದ ಮೇಲೆ ಈ ಕೊಳವೆಗಳೂ ಮನೆಮನೆಗೆ ಬಂದವು. ಹರಿದ ಸೊಳ್ಳೆಪರದೆಯ ತುಂಡನ್ನು ಕೊಳವೆಯ ಬಾಯಿಗೆ ತಂತಿಯಿಂದ ಬಿಗಿದರೆ ಓಣಿಯ ರಾತ್ರಿಯೇ ಬದಲಾಗುತ್ತದೆ. ಒಬ್ಬರು ಕಟ್ಟಿದರೆ ಸಾಲದು, ಓಣಿಯವರೆಲ್ಲ ಕಟ್ಟಬೇಕು.

5. ಗಾಳಿ ಗೆಲ್ಲುತ್ತದೆ, ಹೊಗೆ ಅಷ್ಟಕ್ಕಷ್ಟೆ.

ಸೊಳ್ಳೆ ಹಾರುವುದರಲ್ಲಿ ಬಹಳ ದುರ್ಬಲ. ಕಾಲಿನ ಕಡೆಗೆ ಗಾಳಿ ಬೀಸುವಂತೆ ಟೇಬಲ್ ಫ್ಯಾನ್ ಇಟ್ಟರೆ ಅದಕ್ಕೆ ಹತ್ತಿರ ಬರಲಾಗುವುದಿಲ್ಲ, ನಮ್ಮ ಉಸಿರಿನ ಜಾಡೂ ಚೆದುರುತ್ತದೆ. ಬೇವಿನ ಸೊಪ್ಪಿನ ಹೊಗೆ ಇರುವಷ್ಟು ಹೊತ್ತು ಸೊಳ್ಳೆ ದೂರ ಇರುತ್ತದೆ, ಹೊಗೆ ಆರಿದೊಡನೆ ಮರಳುತ್ತದೆ. ಬಾಗಿಲು ಹಾಕಿ ಹೊಗೆ ಹಾಕುವುದು ಕೂಸಿಗೂ ದಮ್ಮಿನವರಿಗೂ ಕೆಟ್ಟದ್ದು. ಸಂಜೆ ಅಂಗಳದಲ್ಲಿ ಹಾಕಿ, ಮನೆಯೊಳಗೆ ಬೇಡ.

ಹೊಲಕ್ಕೆ ಕರೆಂಟು ಪಾಳಿಯಲ್ಲಿ ರಾತ್ರಿ ಬರುವಾಗ ನೀರು ಹಾಯಿಸಲು ಹೋಗುವವರಿಗೆ ಫ್ಯಾನ್ ಎಲ್ಲಿಯದು? 100 ಮಿಲಿ ಕೊಬ್ಬರಿ ಎಣ್ಣೆಗೆ 2 ಮಿಲಿ ಬೇವಿನೆಣ್ಣೆ ಬೆರೆಸಿ ಕೈಕಾಲಿಗೆ ಸವರಿಕೊಂಡರೆ ಕೆಲವು ತಾಸು ತಡೆಯುತ್ತದೆ. ಚಿಕ್ಕ ಮಕ್ಕಳಿಗೆ ಹಚ್ಚಬೇಡಿ. ಅಟ್ಟದ ಮೇಲೆ ಮಲಗುವಾಗ ಸೋಲಾಪುರಿ ಚಾದರ ಹೊದ್ದರೆ ಸೊಳ್ಳೆಯ ಸೂಜಿ ಅದನ್ನು ದಾಟುವುದಿಲ್ಲ.

6. ದನಕ್ಕೂ ಪರದೆ ಬೇಕು.

2022ರ ಮಳೆಗಾಲದಲ್ಲಿ ಲಂಪಿ ರೋಗ ಮಹಾರಾಷ್ಟ್ರದ ತುಂಬ ಹಬ್ಬಿತು, ದನದ ಸಂತೆಗಳು ನಿಂತವು. ಕಚ್ಚುವ ನೊಣ, ಸೊಳ್ಳೆ, ಉಣ್ಣೆಗಳೇ ಅದನ್ನು ದನದಿಂದ ದನಕ್ಕೆ ಒಯ್ಯುತ್ತವೆ. ಲಸಿಕೆಗೆ ಬದಲು ಯಾವ ಮನೆಮದ್ದೂ ಇಲ್ಲ. ಅದರ ಜೊತೆಗೆ ಮಾಡಬಹುದಾದದ್ದು: ಗಂಜಲ ನಿಲ್ಲದಂತೆ ನೆಲಕ್ಕೆ ಇಳಿಜಾರು, ಹೊತ್ತು ಮುಳುಗುವಾಗ ಗಾಳಿ ಬರುವ ದಿಕ್ಕಿಗೆ ಕುಳ್ಳಿನ ಮೇಲೆ ಹಸಿ ಬೇವು ಹಾಕಿ ಹೊಗೆ, ತೋಟಕ್ಕೆ ತಂದು ಉಳಿದ ನೆರಳುಬಲೆಯನ್ನು ಗೋಠಾದ ತೆರೆದ ಬದಿಗೆ ಇಳಿಬಿಡುವುದು. ಗಾಯವಿದ್ದ ದನವನ್ನು ಬೇರೆ ಕಟ್ಟಿ, ಗಾಯದ ಸುತ್ತ ಬೇವಿನೆಣ್ಣೆ ಸವರಬೇಕು. ನೊಣ ಕೂತರೆ ಹುಳ ಬೀಳುತ್ತದೆ.

7. ದೀಪದ ಹುಳಕ್ಕೆ ಒಂದು ಪರಾತ ನೀರು ಸಾಕು.

ಮಿರಗದ ಮೊದಲ ಮಳೆಯ ಸಂಜೆ ಒರಲಿಗೆ ರೆಕ್ಕೆ ಬಂದು ಮನೆ ತುಂಬುತ್ತವೆ. ಒಳಗಿನ ದೀಪ ಆರಿಸಿ, ಅಂಗಳದಲ್ಲಿ ನೀರು ತುಂಬಿದ ಪರಾತದ ಮೇಲೆ ಒಂದು ಬಿಳಿ ದೀಪ ಹಚ್ಚಿಡಿ. ಬೆಳಿಗ್ಗೆ ಕೋಳಿಗೆ ಹಬ್ಬ.

8. ಸುಳಿನೊಣಕ್ಕೆ ತಿಥಿ ಗೊತ್ತಿದೆ.

ಮಂಗಳವೇಢೆಯ ಜೋಳಕ್ಕೆ 2016ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಮಾಲದಂಡಿ ತಳಿಯ ಆ ಜೋಳದ ಮೊದಲ ಶತ್ರು ಮನೆನೊಣಕ್ಕಿಂತ ಚಿಕ್ಕದಾದ ಒಂದು ಬೂದು ನೊಣ. ಸಸಿ ಹುಟ್ಟಿದ ವಾರದಿಂದ ತಿಂಗಳೊಳಗೆ ಎಲೆಯ ಅಡಿಗೆ ಮೊಟ್ಟೆ ಇಡುತ್ತದೆ; ಹುಳ ಸುಳಿಗೆ ಇಳಿದು ಕೊರೆಯುತ್ತದೆ, ನಡುವಿನ ಸುಳಿ ಒಣಗಿ, ಎಳೆದರೆ ಕೈಗೇ ಬರುತ್ತದೆ. ಬಿತ್ತಿಗೆಯ ಹೊತ್ತು ತಪ್ಪಿದರೆ ಕಾಟ ಹೆಚ್ಚು. ಹದ ನೋಡಿ ಹೊತ್ತಿಗೆ ಸರಿಯಾಗಿ ಬಿತ್ತುವುದು, ಬೀಜ ತುಸು ಹೆಚ್ಚು ಹಾಕಿ ಸುಳಿ ಒಣಗಿದ ಸಸಿಗಳನ್ನು ಕಿತ್ತು ಹೊಲದ ಹೊರಗೆ ಸುಡುವುದು, ಇವೇ ಮೂಲ ಉಪಾಯ. ಇದಕ್ಕೆ ಕೈಜೋಡಿಸುವ ಬೋನು ಒಣಮೀನಿನದು. ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯ ಪಕ್ಕಕ್ಕೆ ತೂತು ಕೊರೆದು, ಒಣಮೀನಿನ ಪುಡಿಯನ್ನು ನೀರಿನಲ್ಲಿ ನೆನೆಸಿ ಇಟ್ಟರೆ ಸುಳಿನೊಣ, ಅದರಲ್ಲೂ ಹೆಣ್ಣು, ಬಂದು ಬೀಳುತ್ತವೆ. ತುಳಸಿಮಾಲೆ ಧರಿಸಿದ ಮಾಳಕರಿಗಳ ಮನೆಗಳಲ್ಲಿ ಮೀನು ಮುಟ್ಟುವುದಿಲ್ಲ. ಅವರು ಬಿತ್ತಿಗೆಯ ಹೊತ್ತನ್ನೇ ನಂಬಿ ನಡೆಯಲಿ, ಅದೂ ಕಡಿಮೆಯದಲ್ಲ.

ಮಾವು, ಪೇರಲದ ಹಣ್ಣುನೊಣಕ್ಕೆ ತುಳಸಿ ಕರೆ ಕಳಿಸುತ್ತದೆ. ಅದರ ಎಲೆಯಲ್ಲಿರುವ ಮೀಥೈಲ್ ಯುಜೆನಾಲ್ ಎಂಬ ವಸ್ತು ಗಂಡು ನೊಣವನ್ನು ಸೆಳೆಯುತ್ತದೆ. ಜಜ್ಜಿದ ತುಳಸಿಯನ್ನು ಮೂರನೆಯ ಪಾಠದ ಬಾಟಲಿಗೆ ಹಾಕಿ ಗಿಡಕ್ಕೆ ಕಟ್ಟಿ, ಎರಡು ಮೂರು ದಿನಕ್ಕೊಮ್ಮೆ ಎಲೆ ಬದಲಿಸಿ.

9. ಕಾಳಿನ ಪತಂಗ ಹೊಲದಿಂದಲೂ ಬರುತ್ತದೆ, ಹಳೆಯ ಚೀಲದಿಂದಲೂ ಬರುತ್ತದೆ.

ಜೋಳವನ್ನು ಹಲ್ಲಿಗೆ ಇಟ್ಟರೆ ಕಟ್ ಎಂದು ಒಡೆಯುವ ತನಕ ಒಣಗಿಸಬೇಕು. ಚೀಲಗಳನ್ನು ಕುದಿನೀರಿಗೆ ಅದ್ದಿ ಬಿಸಿಲಿಗೆ ಹಾಕಬೇಕು. ನೆರಳಲ್ಲಿ ಒಣಗಿಸಿದ ಬೇವಿನೆಲೆಯನ್ನು ಪದರು ಪದರಾಗಿ ಹಾಕಬೇಕು. ಹಿಂದಿನವರ ಹಗೇವು ಇದಕ್ಕಿಂತ ಗಟ್ಟಿ: ನೆಲದೊಳಗೆ ಗಾಳಿಯಾಡದಂತೆ ಮುಚ್ಚಿದ ಕಾಳು ಉಸಿರಾಡಿ ಇದ್ದ ಆಮ್ಲಜನಕ ತೀರಿಸುತ್ತದೆ, ಹುಳ ತಾನೇ ಸಾಯುತ್ತದೆ. ಅದೇ ಗಾಳಿ ಮನುಷ್ಯನನ್ನೂ ಕೊಲ್ಲುತ್ತದೆ. ಹಗೇವು ತೆರೆದ ದಿನ ಇಳಿಯಬಾರದು. ಬಾಯಿ ತೆರೆದು ಬಿಡಬೇಕು, ಕಂದೀಲು ಇಳಿಸಿ ನೋಡಬೇಕು. ದೀಪ ಆರಿದರೆ ಯಾರನ್ನೂ ಇಳಿಸಬೇಡಿ. ದೀಪ ಉರಿದರೂ ಸೊಂಟಕ್ಕೆ ಹಗ್ಗ ಕಟ್ಟಿ, ಮೇಲೆ ಇಬ್ಬರು ನಿಂತ ಮೇಲೆಯೇ ಇಳಿಯಬೇಕು.

10. ಬೆಳೆಯ ಔಷಧ ಮನೆಗೆ ತರಬಾರದು.

ದಾಳಿಂಬೆಗೆ ತಂದ ಕೀಟನಾಶಕವನ್ನು ಸಕ್ಕರೆಗೆ ಬೆರೆಸಿ ನೊಣಕ್ಕೆ ಇಡುವವರಿದ್ದಾರೆ, ಗಟಾರಿಗೆ, ಹಾಸಿಗೆಯ ಮೂಲೆಗೆ ಹೊಡೆಯುವವರೂ ಇದ್ದಾರೆ. ಅಂಬೆಗಾಲಿಡುವ ಕೂಸು ಆ ಸಕ್ಕರೆಯನ್ನು ಸಕ್ಕರೆಯೆಂದೇ ನೆಕ್ಕುತ್ತದೆ. ಔಷಧದ ಖಾಲಿ ಡಬ್ಬಿಯನ್ನು ಬೋನಿಗೂ ಬಳಸಬೇಡಿ, ನೀರು ತುಂಬಲಂತೂ ಬೇಡವೇ ಬೇಡ. ಯಾರಾದರೂ ಬಾಯಿಗೆ ಹಾಕಿಕೊಂಡಿದ್ದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುತ್ತ ಹೊತ್ತು ಕಳೆಯದೆ ನೇರ ದವಾಖಾನೆಗೆ ಒಯ್ಯಿರಿ. ಆ ಡಬ್ಬಿಯೂ ಜೊತೆಗಿರಲಿ. ಯಾವ ವಿಷ ಎಂಬುದು ಅದರ ಚೀಟಿಯಿಂದಲೇ ಡಾಕ್ಟರಿಗೆ ಗೊತ್ತಾಗಬೇಕು.