ತುರಗಗತಿಯ ಮಂಡಲ

ಎಲ್ಲ ಮನೆಗಳನ್ನೂ ಒಂದೊಂದೇ ಸಲ ಮುಟ್ಟಿ, ಹೊರಟ ಮನೆಗೇ ಮರಳಿ ಮಂಡಲವನ್ನು ಪೂರ್ಣಗೊಳಿಸಬೇಕೆಂಬ ಆಟಗಳನ್ನು ಇಂದಿನ ಬಾಲಕರು ಗಣಕಯಂತ್ರದ ತೆರೆಯ ಮೇಲೆ ಆಡುತ್ತಾರೆ. ಇಂಥ ಸಮಸ್ಯೆ ನಮ್ಮ ಕವಿಗಳಿಗೂ ಅರಸರಿಗೂ ಹೊಸದಲ್ಲ. ಚದುರಂಗದ ಕುದುರೆಯ ನಡೆಯೇ ಇದಕ್ಕೆ ನಿದರ್ಶನ.

ಕುದುರೆಯು ನೇರವಾಗಿ ಎರಡು ಮನೆ, ಅಡ್ಡಲಾಗಿ ಒಂದು ಮನೆ ಹಾರುವುದೆಂಬುದು ಸರ್ವವಿದಿತ. ಈ ಗತಿಯಿಂದಲೇ ಮಣೆಯ ಎಲ್ಲ ಮನೆಗಳನ್ನು ಒಮ್ಮೆ ಮಾತ್ರ ಮುಟ್ಟಬೇಕು, ಇದೇ ನಿಯಮ. 9ನೆಯ ಶತಮಾನದ ರುದ್ರಟನು 'ಕಾವ್ಯಾಲಂಕಾರ'ದಲ್ಲಿ ಇದನ್ನು ತುರಗಪದವೆಂಬ ಚಿತ್ರಬಂಧವಾಗಿಸಿದನು. ಅನುಷ್ಟುಪ್ ಶ್ಲೋಕದ ನಾಲ್ಕು ಪಾದಗಳಲ್ಲಿ ಎಂಟೆಂಟರಂತೆ 32 ಅಕ್ಷರಗಳು. ಅರ್ಧ ಮಣೆಯಲ್ಲಿಯೂ 32 ಮನೆಗಳು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) 64 ಮನೆಗಳ ಪೂರ್ಣ ಮಣೆಯ ಮೇಲೆ ಇಂಥ ಬಂಧಗಳನ್ನು ರಚಿಸಿದರು. ಅವರ ಆಶ್ರಯದಲ್ಲಿ ಸಿದ್ಧವಾದ 'ಶ್ರೀತತ್ತ್ವನಿಧಿ'ಯ ಕೌತುಕನಿಧಿಯು ಕ್ರೀಡೆಗಳಿಗೇ ಮೀಸಲಾಗಿದೆ.

ಪೂರ್ಣ ಮಣೆಯಲ್ಲಿ ಕುದುರೆಯು ಹೊರಟ ಮನೆಗೆ ಮರಳಬಲ್ಲುದು. ಆದರೆ ಕವಿಗಳ ಅರ್ಧ ಮಣೆಯಲ್ಲಿ ಎಲ್ಲ ಮನೆಗಳನ್ನು ಮುಟ್ಟಬಹುದಾದರೂ ಮರಳಿ ಮಂಡಲವಾಗಲಾರದು. ಇದೇಕೆ? ವಿದ್ಯಾರ್ಥಿಗಳು ಈ ಪ್ರಶ್ನೆಯನ್ನು ಮನನ ಮಾಡಬೇಕು.

ಅರ್ಧ ಮಣೆಯ ನಾಲ್ಕು ಸಾಲುಗಳಲ್ಲಿ ಮೇಲಿನದು ಮತ್ತು ಕೆಳಗಿನದು ಹೊರಸಾಲುಗಳು. ನಡುವಿನ ಎರಡು ಒಳಸಾಲುಗಳು. ಹೊರಸಾಲಿನಿಂದ ಹಾರಿದ ಕುದುರೆ ಒಳಸಾಲಿನಲ್ಲಿಯೇ ಇಳಿಯುತ್ತದೆ; ಬೇರೆ ದಾರಿಯಿಲ್ಲ. ಹೊರಮನೆಗಳು 16, ಒಳಮನೆಗಳೂ 16. ಆದ್ದರಿಂದ ಮಂಡಲವಾಗಬೇಕಾದರೆ ಹೊರಗೊಂದು ಒಳಗೊಂದು ಎಂದು ತಪ್ಪದೆ ನಡೆಯಲೇಬೇಕು. ಇತ್ತ ಪ್ರತಿ ನೆಗೆತದಲ್ಲಿಯೂ ಬಣ್ಣ ಬದಲಾಗುತ್ತದೆ: ಕಪ್ಪಿನಿಂದ ಬಿಳಿಗೆ, ಬಿಳಿಯಿಂದ ಕಪ್ಪಿಗೆ. ಈ ಎರಡೂ ಕೂಡಿದರೆ ಹೊರಮನೆಗಳೆಲ್ಲ ಒಂದೇ ಬಣ್ಣದವಾಗಿರಬೇಕು. ಆದರೆ ಪ್ರತಿ ಹೊರಸಾಲಿನಲ್ಲಿಯೂ ಎರಡು ಬಣ್ಣಗಳಿವೆ. ಆದುದರಿಂದ ಮಂಡಲ ಅಸಾಧ್ಯ.

ನೂರು ಸಲ ಪ್ರಯತ್ನಿಸಿ ಸೋತವನಿಗೆ "ನನಗೆ ಬರಲಿಲ್ಲ" ಎನ್ನಲು ಮಾತ್ರ ಅಧಿಕಾರವುಂಟು. ಹೀಗೆ ತರ್ಕಿಸಿದವನಿಗೆ "ಯಾರಿಗೂ ಬಾರದು" ಎನ್ನುವ ಅಧಿಕಾರವುಂಟು. ಈ ಎರಡು ಮಾತುಗಳ ಅಂತರವನ್ನರಿಯುವುದೇ ವಿದ್ಯೆ. ಅದನ್ನರಿಯದವನು ಆಗದ ಕಾರ್ಯಕ್ಕೆ ಆಯುಷ್ಯವನ್ನು ಸವೆಸುತ್ತಾನೆ, ಇಲ್ಲವೆ ಆಗುವ ಕಾರ್ಯವನ್ನು ಅರ್ಧದಲ್ಲಿಯೇ ಕೈಬಿಡುತ್ತಾನೆ.

ಸಾಧ್ಯವಿರುವಲ್ಲಿಯೂ ಎಚ್ಚರ ಬೇಕು. ಮಣೆಯ ನಟ್ಟನಡುವಿನ ಮನೆಯಿಂದ ಕುದುರೆಗೆ ಎಂಟು ದಾರಿ, ಮೂಲೆಯ ಮನೆಗೆ ಎರಡೇ. ಮಂಡಲದಲ್ಲಿ ಮೂಲೆಗೆ ಒಂದು ದಾರಿಯಿಂದ ಬಂದು ಇನ್ನೊಂದರಿಂದ ಹೋಗಲೇಬೇಕು. ನಡುದಾರಿಯಲ್ಲಿ ಆ ಬಾಗಿಲ ಮನೆಗೆ ಬಂದೂ, ಇನ್ನೂ ಮುಟ್ಟದ ಮೂಲೆಯನ್ನು ಹೊಗದೆ ಹೋದರೆ ಮಂಡಲ ಕೆಟ್ಟಿತು. 1823ರಲ್ಲಿ ಜರ್ಮನಿಯ ವಾರ್ನ್ಸ್‌ಡಾರ್ಫ್ ಎಂಬಾತನು ಸೂತ್ರವೊಂದನ್ನು ಹೇಳಿದನು: ಮುಂದಿನ ದಾರಿಗಳು ಅತ್ಯಲ್ಪವಾಗಿರುವ ಮನೆಗೆ ಮೊದಲು ಹೋಗು. ಈ ಸೂತ್ರ ಎಲ್ಲ ಕಡೆಗೂ ಫಲಿಸದಿದ್ದರೂ ಬಹಳ ಕಡೆ ನೆರವಾಗುತ್ತದೆ. ಸುಲಭವಾದುದನ್ನು ಮೊದಲು ಮಾಡಿ ಕಠಿನವಾದುದನ್ನು ಕಡೆಗಿಡುವವರಿಗೆ ಇದರಲ್ಲಿ ಬೋಧೆಯುಂಟು.

ಅಭ್ಯಾಸಕ್ಕೆ ಎರಡು ಪ್ರಶ್ನೆಗಳು. ಐದೈದು ಮನೆಗಳ ಐದು ಸಾಲಿನ ಮಣೆಯಲ್ಲಿ ಮಂಡಲವಾಗದೆಂದು ಬಣ್ಣದ ಲೆಕ್ಕದಿಂದಲೇ ಸಾಧಿಸಿರಿ. ಆರಾರು ಮನೆಗಳ ಆರು ಸಾಲಿನ ಮಣೆಯಲ್ಲಿ ಮಂಡಲವುಂಟು. ಅದನ್ನು ಪಾಟಿಯ ಮೇಲೆ ಬರೆದು ಕಂಡುಹಿಡಿಯಿರಿ.